ಹಳೆಯ ಡ್ರೈವರ್‌ಗಳನ್ನು ಕೈಬಿಡುವ ಹೊತ್ತು ಯಾವುದು?

2025ರ ಅಕ್ಟೋಬರ್ ತಿಂಗಳ ಭದ್ರತಾ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್‌ನಿಂದ ಒಂದು ಸಣ್ಣ ಕಡತವನ್ನು ತೆಗೆದುಹಾಕಿತು. ಟೆಲಿಫೋನ್ ತಂತಿಯ ಮೂಲಕ ಇಂಟರ್‌ನೆಟ್‌ಗೆ ಡಯಲ್ ಮಾಡುತ್ತಿದ್ದ, ಫ್ಯಾಕ್ಸ್ ಕಳುಹಿಸುತ್ತಿದ್ದ ಕಾಲದಲ್ಲಿ ಅಗೇರ್ ಎಂಬ ಕಂಪನಿಯ ಮೋಡೆಮ್‌ಗಳಿಗಾಗಿ ಬರೆದಿದ್ದ ಡ್ರೈವರ್ ಅದು. ಅದರಲ್ಲಿದ್ದ ಒಂದು ದೋಷವನ್ನು, ಈಗ ಸಿವಿಇ-2025-24990 ಎಂಬ ಸಂಖ್ಯೆಯಿಂದ ಗುರುತಿಸಲಾಗುವುದನ್ನು, ದಾಳಿಕೋರರು ಆಗಲೇ ಬಳಸಿಕೊಳ್ಳುತ್ತಿದ್ದರು. ಸಾಮಾನ್ಯ ಬಳಕೆದಾರನಾಗಿ ಒಳಗೆ ಬಂದವನು ಅದರ ಮೂಲಕ ಇಡೀ ಯಂತ್ರದ ಅಧಿಕಾರವನ್ನು ಪಡೆಯಬಹುದಾಗಿತ್ತು. ಮೈಕ್ರೋಸಾಫ್ಟ್‌ನ ಪ್ರಕಟಣೆಯಲ್ಲಿ ಎದ್ದು ಕಾಣುವ ಸಂಗತಿಯೆಂದರೆ, ಆ ಮೋಡೆಮ್ ಅನ್ನು ಯಾರೂ ಬಳಸದ ಯಂತ್ರಗಳಿಗೂ ಅಪಾಯವಿತ್ತು, ಏಕೆಂದರೆ ಡ್ರೈವರ್ ವಿಂಡೋಸ್‌ನ ಜೊತೆಗೇ ಎಲ್ಲರಿಗೂ ಹೋಗುತ್ತಿತ್ತು. ಸಂಸ್ಥೆಯು ದೋಷವನ್ನು ಸರಿಪಡಿಸುವ ಗೋಜಿಗೆ ಹೋಗದೆ ಡ್ರೈವರ್ ಅನ್ನೇ ಕಿತ್ತುಹಾಕಿ, ಅದನ್ನು ನಂಬಿದ್ದ ಫ್ಯಾಕ್ಸ್ ಮೋಡೆಮ್‌ಗಳು ಇನ್ನು ಮುಂದೆ ಕೆಲಸ ಮಾಡುವುದಿಲ್ಲವೆಂದು ತಿಳಿಸಿತು.

ದಾಳಿ ನಡೆದ ಮೇಲೆ ತೆಗೆಯುವುದು ಸುಲಭ. ಆಗ ಯಾರೂ ಆಕ್ಷೇಪಿಸುವುದಿಲ್ಲ. ಅದಕ್ಕಿಂತ ಮೊದಲು, ಎಲ್ಲವೂ ಸುಮ್ಮನಿರುವಾಗ, ಯಾವ ಡ್ರೈವರ್ ಅನ್ನು ಯಾವಾಗ ಕೈಬಿಡಬೇಕೆಂದು ತೀರ್ಮಾನಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ. ಉದಾಹರಣೆಗಳನ್ನು ಹೆಚ್ಚಾಗಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಿಂದ ಆರಿಸಿಕೊಂಡಿದ್ದೇನೆ, ಏಕೆಂದರೆ ಅಲ್ಲಿ ಇಂಥ ತೀರ್ಮಾನಗಳು ಎಲ್ಲರ ಕಣ್ಣೆದುರಿಗೆ ನಡೆಯುತ್ತವೆ ಮತ್ತು ತೆಗೆದದ್ದಕ್ಕೆ ಕೊಟ್ಟ ಕಾರಣವೂ ತೆಗೆದ ದಾಖಲೆಯ ಜೊತೆಯಲ್ಲೇ ಉಳಿಯುತ್ತದೆ.

ಡ್ರೈವರ್ ಎಂದರೆ ಒಂದು ನಿರ್ದಿಷ್ಟ ಯಂತ್ರಾಂಶದೊಡನೆ ಮಾತನಾಡಲು ಆಪರೇಟಿಂಗ್ ಸಿಸ್ಟಂಗೆ ಬೇಕಾದ ಪ್ರೋಗ್ರಾಂ. ನೆಟ್‌ವರ್ಕ್ ಕಾರ್ಡಿನ ಯಾವ ರಿಜಿಸ್ಟರ್‌ನಲ್ಲಿ (ಸಾಧನದೊಳಗಿನ ಸಣ್ಣ ಸ್ಮೃತಿಕೋಶದಲ್ಲಿ) ಯಾವ ಸಂಖ್ಯೆ ಬರೆದರೆ ಅದು ದತ್ತಾಂಶ ಕಳುಹಿಸುತ್ತದೆ, ಅಡಚಣೆ ಬಂದಾಗ ಯಾವ ಸಂಕೇತ ಕೊಡುತ್ತದೆ ಎಂಬ ವಿವರಗಳೆಲ್ಲ ಡ್ರೈವರ್‌ನಲ್ಲಿರುತ್ತವೆ. ಬಹುತೇಕ ಡ್ರೈವರ್‌ಗಳು ಕರ್ನಲ್‌ನೊಳಗೇ, ಅದರ ಪೂರ್ಣ ಅಧಿಕಾರದೊಂದಿಗೆ ಓಡುವುದರಿಂದ ಅಲ್ಲಿ ಆಗುವ ತಪ್ಪು ಒಂದು ಅಪ್ಲಿಕೇಶನ್ ಅನ್ನು ಮಾತ್ರ ಕೆಡಿಸಿ ಸುಮ್ಮನಾಗುವುದಿಲ್ಲ. ಲಿನಕ್ಸ್‌ನಲ್ಲಿ ಈ ಡ್ರೈವರ್‌ಗಳ ಮೂಲ ಪಠ್ಯ (ಸೋರ್ಸ್ ಕೋಡ್) ಕರ್ನಲ್‌ನ ಜೊತೆ ಒಂದೇ ಭಂಡಾರದಲ್ಲಿ ಇರುತ್ತದೆ. 2025ರ ಆರಂಭದ ಹೊತ್ತಿಗೆ ಆ ಭಂಡಾರ 4 ಕೋಟಿ ಸಾಲುಗಳನ್ನು ದಾಟಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಡ್ರೈವರ್‌ಗಳದ್ದೇ.

ಇಷ್ಟು ದೊಡ್ಡ ಅಂಕಿಯನ್ನು ಕಂಡೊಡನೆ, ಹಳೆಯದನ್ನು ತೆಗೆದರೆ ಗಾತ್ರ ಇಳಿಯುತ್ತದಲ್ಲ ಎಂದು ಅನಿಸುವುದು ಸಹಜ. ವಾಸ್ತವದಲ್ಲಿ ಗಾತ್ರ ಇಲ್ಲಿ ದೊಡ್ಡ ಕಾರಣವೇ ಅಲ್ಲ. ಎಎಂಡಿ ಕಂಪನಿಯ ಈಗಿನ ಗ್ರಾಫಿಕ್ಸ್ ಚಿಪ್‌ಗಳ ಡ್ರೈವರ್ ಒಂದೇ 50 ಲಕ್ಷ ಸಾಲುಗಳನ್ನು ಮೀರುತ್ತದೆ, ಅದರಲ್ಲಿ ಬಹುಪಾಲು ಯಂತ್ರವೇ ತಯಾರಿಸಿದ ರಿಜಿಸ್ಟರ್ ಪಟ್ಟಿಗಳು. ಅದರ ಪಕ್ಕದಲ್ಲಿ 1990ರ ದಶಕದ ಒಂದು ಈಥರ್‌ನೆಟ್ ಕಾರ್ಡಿನ ಡ್ರೈವರ್‌ನ ಒಂದೆರಡು ಸಾವಿರ ಸಾಲುಗಳು ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ಡ್ರೈವರ್‌ಗಳು ಮಾಡ್ಯೂಲ್‌ಗಳ, ಅಂದರೆ ಬೇಕಾದಾಗ ಕರ್ನಲ್‌ಗೆ ಸೇರಿಸಬಹುದಾದ ಬಿಡಿ ಭಾಗಗಳ, ರೂಪದಲ್ಲಿ ಡಿಸ್ಕ್ ಮೇಲೆ ಬಿದ್ದಿರುತ್ತವೆಯೇ ಹೊರತು ಸಾಧನ ಇಲ್ಲದಿದ್ದರೆ ಸಾಮಾನ್ಯವಾಗಿ ಮೆಮೊರಿಗೆ ಬರುವುದಿಲ್ಲ. ಆದ್ದರಿಂದ ಡಿಸ್ಕ್ ಜಾಗ ಉಳಿಯುತ್ತದೆ, ಯಂತ್ರ ವೇಗವಾಗುತ್ತದೆ ಎಂಬ ವಾದಗಳಿಂದ ಈ ಚರ್ಚೆಯನ್ನು ಆರಂಭಿಸುವವರನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ನಿಜವಾದ ವೆಚ್ಚ ಬೇರೆ ಕಡೆ ಇದೆ. ಲಿನಕ್ಸ್ ಕರ್ನಲ್‌ ಹೊರಗಿನ ಪ್ರೋಗ್ರಾಂಗಳಿಗೆ ಕೊಟ್ಟ ಮಾತನ್ನು ಬಹಳ ಬಿಗಿಯಾಗಿ ಪಾಲಿಸುತ್ತದೆ. ನಿನ್ನೆ ಓಡುತ್ತಿದ್ದ ಪ್ರೋಗ್ರಾಂ ಇಂದೂ ಓಡಬೇಕೆಂಬುದು ಅಲ್ಲಿಯ ಮೊದಲ ನಿಯಮ. ಆದರೆ ಕರ್ನಲ್‌ನ ಒಳಭಾಗಗಳು ಒಂದಕ್ಕೊಂದು ಅಂಥ ಮಾತನ್ನು ಕೊಟ್ಟಿಲ್ಲ. ಒಳಗಿನ ವಿನ್ಯಾಸವನ್ನು ಯಾವಾಗ ಬೇಕಾದರೂ ಬದಲಿಸಬಹುದು, ಬದಲಿಸುವವರು ಅದನ್ನು ಬಳಸುವ ಎಲ್ಲ ಡ್ರೈವರ್‌ಗಳನ್ನೂ ತಾವೇ ತಿದ್ದಿಕೊಡಬೇಕು. 2017ರಲ್ಲಿ ಕರ್ನಲ್‌ನ ಟೈಮರ್‌ಗಳನ್ನು ಸಿದ್ಧಪಡಿಸುವ ವಿಧಾನವನ್ನು ಭದ್ರತೆಯ ಕಾರಣಕ್ಕಾಗಿ ಬದಲಿಸಿದಾಗ ನೂರಾರು ಕಡತಗಳನ್ನು ಮುಟ್ಟಬೇಕಾಯಿತು. ಆ ಕಡತಗಳಲ್ಲಿ ಇಂದಿನ ಸರ್ವರ್‌ಗಳಲ್ಲಿ ಓಡುವ ಡ್ರೈವರ್‌ಗಳೂ ಇದ್ದವು, ಯಾರ ಬಳಿಯಲ್ಲೂ ಇದೆಯೋ ಇಲ್ಲವೋ ಗೊತ್ತಿಲ್ಲದ ಕಾರ್ಡುಗಳ ಡ್ರೈವರ್‌ಗಳೂ ಇದ್ದವು. ತಿದ್ದುವವನಿಗೆ ಎರಡಕ್ಕೂ ಬೇಕಾದ ಶ್ರಮ ಒಂದೇ.

ಇಲ್ಲಿಯೇ ಸಮಸ್ಯೆಯ ತಿರುಳು ಇದೆ. ಹೀಗೆ ಸಾಮೂಹಿಕವಾಗಿ ತಿದ್ದುವವರ ಬಳಿ ಆ ಸಾಧನಗಳು ಇರುವುದಿಲ್ಲ. ತಿದ್ದಿದ್ದು ಕಂಪೈಲ್ ಆಯಿತು (ಯಂತ್ರ ಓಡಿಸಬಲ್ಲ ರೂಪಕ್ಕೆ ಬಂತು) ಎಂಬಷ್ಟೇ ಖಾತರಿ ಅವರಿಗೆ ಸಿಗುತ್ತದೆ. ಹತ್ತು ವರ್ಷಗಳಲ್ಲಿ ಇಂಥ ಹತ್ತಾರು ತಿದ್ದುಪಡಿಗಳಿಗೆ ಒಳಗಾದ, ಆದರೆ ಒಮ್ಮೆಯೂ ನಿಜವಾದ ಕಾರ್ಡಿನ ಮೇಲೆ ಓಡದ ಡ್ರೈವರ್ ಕೆಲಸ ಮಾಡುತ್ತದೆಯೇ ಎಂದು ಯಾರೂ ಹೇಳಲಾರರು. ಪಟ್ಟಿಯಲ್ಲಿ ಹೆಸರಿದೆ, ಬೆಂಬಲವಿದೆ ಎಂದು ಬಳಕೆದಾರ ನಂಬುತ್ತಾನೆ. ಬೆಂಬಲ ಕೊಡುವವರು ಮಾತ್ರ ಯಾರೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಡ್ರೈವರ್ ಅನ್ನು ಕೈಬಿಡುವ ತೀರ್ಮಾನ ನಿಲ್ಲಬೇಕಾದದ್ದು ಈ ಒಂದು ಪ್ರಶ್ನೆಯ ಮೇಲೆ: ಇದನ್ನು ಪರೀಕ್ಷಿಸಬಲ್ಲವರು ಯಾರಾದರೂ ಉಳಿದಿದ್ದಾರೆಯೇ? ಸಾಧನ ಎಷ್ಟು ಹಳೆಯದು, ಎಷ್ಟು ಜನ ಬಳಸುತ್ತಾರೆ ಎಂಬುವು ಅದರ ನಂತರದ ಪ್ರಶ್ನೆಗಳು.

ವಯಸ್ಸು ಅಳತೆಗೋಲಲ್ಲ ಎಂಬುದಕ್ಕೆ ಕರ್ನಲ್‌ನ ಇತಿಹಾಸದಲ್ಲೇ ಒಳ್ಳೆಯ ನಿದರ್ಶನವಿದೆ. ಇಂಟೆಲ್ ಮತ್ತು ಎಚ್‌ಪಿ ಸೇರಿ ರೂಪಿಸಿದ ಇಟೇನಿಯಂ ಪ್ರೊಸೆಸರ್ 2001ರಲ್ಲಿ ಮಾರುಕಟ್ಟೆಗೆ ಬಂದಿತು, 2021ರ ಜುಲೈವರೆಗೂ ಇಂಟೆಲ್ ಅದನ್ನು ಪೂರೈಸುತ್ತಿತ್ತು. ಆದರೂ 2021ರ ಆರಂಭದಲ್ಲೇ ಲಿನಕ್ಸ್‌ನಲ್ಲಿ ಅದನ್ನು ಅನಾಥವೆಂದು, ಅಂದರೆ ನೋಡಿಕೊಳ್ಳುವವರಿಲ್ಲದ್ದೆಂದು, ಗುರುತಿಸಲಾಯಿತು, 2024ರ ಜನವರಿಯಲ್ಲಿ ಬಿಡುಗಡೆಯಾದ 6.7ನೆಯ ಆವೃತ್ತಿಯಲ್ಲಿ ಅದರ ಬೆಂಬಲ ಪೂರ್ತಿಯಾಗಿ ಹೋಯಿತು. ಯಂತ್ರವನ್ನು ಬೂಟ್ ಮಾಡಲು ಬೇಕಾದ ಇಎಫ್‌ಐ ಎಂಬ ಭಾಗವನ್ನು ನೋಡಿಕೊಳ್ಳುವ ಆರ್ಡ್ ಬೀಶೂವೆಲ್ ಅವರು, ತಾವು ಮಾಡುವ ಬದಲಾವಣೆಗಳು ಇಟೇನಿಯಂ ಅನ್ನು ಕೆಡಿಸಲಿಲ್ಲವೆಂದು ಖಚಿತಪಡಿಸಿಕೊಳ್ಳುವುದರಲ್ಲೇ ಸಮಯ ಹೋಗುತ್ತಿದೆ, ಅದರಿಂದ ಪ್ರಯೋಜನ ಪಡೆಯುವವರು ಕಾಣುತ್ತಿಲ್ಲ ಎಂಬ ಅರ್ಥದ ವಾದವನ್ನು ಮುಂದಿಟ್ಟಿದ್ದರು. ಇದಕ್ಕೆ ವ್ಯತಿರಿಕ್ತವಾಗಿ ಮೋಟೊರೋಲಾ 68000 ಕುಟುಂಬದ ಪ್ರೊಸೆಸರ್‌ಗಳಿಗೆ, ಅಂದರೆ 1980–90ರ ದಶಕಗಳ ಅಮೀಗಾ, ಅಟಾರಿ ಮತ್ತು ಹಳೆಯ ಮ್ಯಾಕಿಂತೋಷ್ ಯಂತ್ರಗಳಿಗೆ, ಲಿನಕ್ಸ್ ಬೆಂಬಲ ಉಳಿದುಕೊಂಡಿದೆ. ಯಾಕೆಂದರೆ ಅದರ ಹಿಂದೆ ಒಂದು ಸಣ್ಣ, ಎಚ್ಚರದ ಬಳಗವಿದೆ; ಹೊಸ ಆವೃತ್ತಿ ಬಂದಾಗ ಅವರು ತಮ್ಮ ಯಂತ್ರಗಳ ಮೇಲೆ ಓಡಿಸಿ ನೋಡುತ್ತಾರೆ, ಬದಲಾವಣೆ ಬೇಕಾದಾಗ ತಾವೇ ಮಾಡಿಕೊಡುತ್ತಾರೆ. ಪ್ರೊಸೆಸರ್ ಬೆಂಬಲ ಮತ್ತು ಡ್ರೈವರ್ ಬೇರೆ ಬೇರೆ ಸಂಗತಿಗಳಾದರೂ ತರ್ಕ ಎರಡಕ್ಕೂ ಒಂದೇ ಆಗಿದೆ.

2018ರ 4.17ನೆಯ ಆವೃತ್ತಿಯಲ್ಲಿ ಎಂಟು ಪ್ರೊಸೆಸರ್ ವಿನ್ಯಾಸಗಳನ್ನು ಒಟ್ಟಿಗೆ ಕೈಬಿಟ್ಟಾಗಲೂ ಹೀಗೇ ಆಯಿತು. ಬ್ಲ್ಯಾಕ್‌ಫಿನ್, ಕ್ರಿಸ್, ಟೈಲ್ ಮೊದಲಾದ ಅವು ಅಷ್ಟೇನೂ ಹಳೆಯವಲ್ಲ, ಕೆಲವು 2000ದ ನಂತರ ಹುಟ್ಟಿದವು. ಆದರೆ ಅವುಗಳಲ್ಲಿ ಹೆಚ್ಚಿನವನ್ನು ರೂಪಿಸಿದ ಕಂಪನಿಗಳೇ ಆರ್ಮ್‌ನಂಥ ಬೇರೆ ವಿನ್ಯಾಸಗಳತ್ತ ಹೊರಟುಹೋಗಿದ್ದವು, ನೋಡಿಕೊಳ್ಳಲು ಯಾರೂ ಉಳಿದಿರಲಿಲ್ಲ. ಸುಮಾರು 5 ಲಕ್ಷ ಸಾಲುಗಳು ಹೋದವು, ಕರ್ನಲ್ ತನ್ನ ಹಿಂದಿನ ಆವೃತ್ತಿಗಿಂತ ಚಿಕ್ಕದಾಗುವ ಅಪರೂಪದ ಘಟನೆಯೂ ನಡೆಯಿತು.

ಪರೀಕ್ಷಿಸುವವರು ಇದ್ದಾರೆಯೇ ಎಂಬುದನ್ನು ಕೇಳಿ ತಿಳಿಯಬಹುದು. ಬಳಸುವವರು ಇದ್ದಾರೆಯೇ ಎಂಬುದನ್ನು ತಿಳಿಯುವುದು ಅದಕ್ಕಿಂತ ಕಷ್ಟ. ಲಿನಕ್ಸ್ ಕರ್ನಲ್‌ ತನ್ನ ಬಳಕೆಯ ವರದಿಯನ್ನು ಯಾರಿಗೂ ಕಳುಹಿಸುವುದಿಲ್ಲ. ಯಾವ ಡ್ರೈವರ್ ಎಷ್ಟು ಯಂತ್ರಗಳಲ್ಲಿ ಓಡುತ್ತಿದೆಯೆಂಬ ಲೆಕ್ಕ ಅದರ ಅಭಿವೃದ್ಧಿಕಾರರ ಬಳಿ ಇಲ್ಲ. ಇದು ಖಾಸಗಿತನದ ದೃಷ್ಟಿಯಿಂದ ಒಳ್ಳೆಯದೇ ಆದರೂ ಈ ತೀರ್ಮಾನದ ಹೊತ್ತಿನಲ್ಲಿ ಕತ್ತಲಲ್ಲಿ ತಡಕಾಡುವಂತೆ ಮಾಡುತ್ತದೆ. ಉಳಿಯುವುದು ಪರೋಕ್ಷ ಸಾಕ್ಷ್ಯಗಳು ಮಾತ್ರ.

ಮೊದಲ ಸಾಕ್ಷ್ಯ ಡ್ರೈವರ್‌ನ ಬದಲಾವಣೆಗಳ ಇತಿಹಾಸ. ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಎಂಬ ಉಪಕರಣದ ದಾಖಲೆಯನ್ನು ತೆರೆದು ನೋಡಿದಾಗ ಕಳೆದ ಹದಿನೈದು ವರ್ಷಗಳ ಬದಲಾವಣೆಗಳೆಲ್ಲ ಸಾಮೂಹಿಕ ತಿದ್ದುಪಡಿಗಳು, ಕಾಗುಣಿತ ಸರಿಪಡಿಸಿದ್ದು, ಕಂಪೈಲರ್ ಎಚ್ಚರಿಕೆಯನ್ನು ನಿವಾರಿಸಿದ್ದು ಇಷ್ಟೇ ಆಗಿದ್ದು, ಸಾಧನವನ್ನು ಕೈಯಲ್ಲಿ ಹಿಡಿದವನು ಮಾತ್ರ ಮಾಡಬಹುದಾದ ಒಂದೂ ತಿದ್ದುಪಡಿ ಕಾಣದಿದ್ದರೆ ಸಂಶಯ ಬರಬೇಕು. ಆದರೂ ಇದು ಅಂತಿಮವಲ್ಲ, ಏಕೆಂದರೆ ತೊಂದರೆಯಿಲ್ಲದೆ ನಡೆಯುತ್ತಿರುವ ಡ್ರೈವರ್‌ನ ಇತಿಹಾಸವೂ ಹೀಗೆಯೇ ಕಾಣುತ್ತದೆ. ಇದಕ್ಕಿಂತ ಬಲವಾದ ಸಾಕ್ಷ್ಯವೆಂದರೆ ಯಾರ ಗಮನಕ್ಕೂ ಬಾರದ ಮಾರಕ ದೋಷ. ಡ್ರೈವರ್ ಲೋಡ್ ಆದ ತಕ್ಷಣ ಕುಸಿಯುವಂಥ ತಪ್ಪೊಂದು ಯಾವುದೋ ಸಾಮೂಹಿಕ ತಿದ್ದುಪಡಿಯಲ್ಲಿ ನುಸುಳಿ, ಐದಾರು ವರ್ಷ ಹಾಗೆಯೇ ಉಳಿದು, ಒಂದೂ ದೂರು ಬಾರದಿದ್ದರೆ, ಹೊಸ ಕರ್ನಲ್‌ನೊಡನೆ ಆ ಸಾಧನವನ್ನು ಬಳಸುವವರು ಇಲ್ಲವೆಂದು ಬಹುಮಟ್ಟಿಗೆ ನಿಶ್ಚಿಂತೆಯಿಂದ ಹೇಳಬಹುದು. ಬರಿಯ ಮೌನ ಏನನ್ನೂ ಹೇಳುವುದಿಲ್ಲ, ಕೆಟ್ಟು ಕುಳಿತ ಡ್ರೈವರ್‌ನ ಸುತ್ತಲಿನ ಮೌನ ಬಹಳಷ್ಟನ್ನು ಹೇಳುತ್ತದೆ.

ಮೂರನೆಯದು ಸರಪಳಿಯ ಉಳಿದ ಕೊಂಡಿಗಳು. ಡ್ರೈವರ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಅದರ ಮೇಲೆ ಬೇರೆ ತಂತ್ರಾಂಶಗಳು ಇರಬೇಕು. 1990ರ ದಶಕದ ಕೊನೆಯ ಗ್ರಾಫಿಕ್ಸ್ ಕಾರ್ಡುಗಳಾದ 3ಡಿಎಫ್ಎಕ್ಸ್ ವೂಡೂ, ಮ್ಯಾಟ್ರಾಕ್ಸ್, ಎಟಿಐ ರೇಜ್ 128, ಸ್ಯಾವೇಜ್ ಇವುಗಳ ಮೂರು ಆಯಾಮದ ಚಿತ್ರಗಳನ್ನು ಮೂಡಿಸುವ ಸೌಲಭ್ಯಕ್ಕೆ ಕರ್ನಲ್‌ನಲ್ಲಿ ಒಂದು ಡ್ರೈವರ್ ಬೇಕಿತ್ತು, ಅದರ ಮೇಲೆ ಮೆಸಾ ಎಂಬ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಇನ್ನೊಂದು ಭಾಗ ಬೇಕಿತ್ತು. 2012ರಲ್ಲಿ ಬಂದ ಮೆಸಾ 8.0 ತನ್ನ ಭಾಗವನ್ನು ಕೈಬಿಟ್ಟಿತು. ಕರ್ನಲ್‌ನ ಭಾಗ ಮಾತ್ರ 2023ರ 6.3ನೆಯ ಆವೃತ್ತಿಯವರೆಗೂ ಉಳಿದಿತ್ತು. ಅಂದರೆ ಹತ್ತು ವರ್ಷಕ್ಕೂ ಮಿಗಿಲಾಗಿ, ಹೊಸ ಮೆಸಾ ಇರುವ ಯಾವ ವ್ಯವಸ್ಥೆಯಲ್ಲೂ ಉಪಯೋಗಕ್ಕೆ ಬಾರದ ಡ್ರೈವರ್‌ಗಳು ಎಲ್ಲರ ಕರ್ನಲ್‌ ಭಂಡಾರದಲ್ಲಿ ಜಾಗ ಹಿಡಿದಿದ್ದವು. ಬಹುತೇಕ ಡ್ರೈವರ್‌ಗಳು ತೆಗೆಯಬೇಕಾದ ಹೊತ್ತಿಗಿಂತ ಬಹಳ ತಡವಾಗಿ ಹೋಗುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಕಣ್ಣಿಗೆ ಕಾಣದ ಬಳಕೆದಾರರ ಬಗ್ಗೆಯೂ ಯೋಚಿಸಬೇಕು. ಒಂದೇ ಹೊಡೆತಕ್ಕೆ ಕಾರ್ಬನ್ ಪ್ರತಿಗಳೂ ಬೇಕಾದ ಕಡೆಗಳಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳು ನಮ್ಮಲ್ಲಿ ಇನ್ನೂ ಸದ್ದು ಮಾಡುತ್ತಿವೆ, ಅವುಗಳಲ್ಲಿ ಹಳೆಯವು ಪ್ಯಾರಲಲ್ ಪೋರ್ಟ್ ಮೂಲಕವೇ ನಡೆಯುತ್ತವೆ. ಲೋಹ ಕೊರೆಯುವ ಯಂತ್ರಗಳನ್ನು ನಡೆಸುವ ಲಿನಕ್ಸ್‌ಸಿಎನ್‌ಸಿ ಎಂಬ ತಂತ್ರಾಂಶವೂ ಮೋಟಾರುಗಳಿಗೆ ಸಂಕೇತ ಕಳುಹಿಸಲು ಅದೇ ಪೋರ್ಟನ್ನು ಬಳಸಬಲ್ಲದು. ಹೊಸ ಲ್ಯಾಪ್‌ಟಾಪ್‌ಗಳನ್ನು ಮಾತ್ರ ನೋಡುವವನಿಗೆ ಪ್ಯಾರಲಲ್ ಪೋರ್ಟ್ ಸತ್ತುಹೋದ ವಸ್ತು. ವರ್ಕ್‌ಶಾಪಿನಲ್ಲಿರುವವನಿಗೆ ಅದು ದಿನದ ಅನ್ನ. ಇಂಥ ಯಂತ್ರಗಳು ಇಂಟರ್‌ನೆಟ್ಟಿಗೆ ಸೇರಿರುವುದಿಲ್ಲ, ಅವುಗಳ ಒಡೆಯರು ಕರ್ನಲ್ ಚರ್ಚೆಗಳನ್ನು ಓದುವುದಿಲ್ಲ. ಆದರೆ ಈ ವಾದಕ್ಕೆ ಇನ್ನೊಂದು ಮುಖವೂ ಇದೆ. ಹೀಗೆ ಒಂಟಿಯಾಗಿ ದುಡಿಯುವ ಯಂತ್ರದ ಕರ್ನಲ್ ಅನ್ನು ಸಾಮಾನ್ಯವಾಗಿ ಯಾರೂ ಬದಲಿಸುವುದಿಲ್ಲ, ಹಾಗಾಗಿ ಹೊಸ ಕರ್ನಲ್‌ನಿಂದ ಡ್ರೈವರ್ ಹೋದರೂ ಅದಕ್ಕೆ ತಟ್ಟುವುದಿಲ್ಲ. ಲೆಕ್ಕಕ್ಕೆ ಬರುವವರು ಹಳೆಯ ಸಾಧನವನ್ನೂ ಹೊಸ ಕರ್ನಲ್ ಅನ್ನೂ ಒಟ್ಟಿಗೆ ಬಳಸುವವರು. ಅವರ ಸಂಖ್ಯೆ ಸಾಧನಗಳ ಸಂಖ್ಯೆಗಿಂತ ಯಾವಾಗಲೂ ಬಹಳ ಕಡಿಮೆ ಇರುತ್ತದೆ.

ಎಲ್ಲಕ್ಕಿಂತ ವಿಚಿತ್ರವಾದ ಬಳಕೆದಾರ ಎಂದರೆ ಅಸ್ತಿತ್ವದಲ್ಲೇ ಇಲ್ಲದ ಸಾಧನ. ವರ್ಚುವಲ್ ಮಶೀನ್‌ಗಳನ್ನು, ಅಂದರೆ ತಂತ್ರಾಂಶದಲ್ಲೇ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ವ್ಯವಸ್ಥೆಗಳನ್ನು, ರೂಪಿಸಿದವರು ಎಲ್ಲ ಆಪರೇಟಿಂಗ್ ಸಿಸ್ಟಂಗಳಿಗೂ ಪರಿಚಿತವಾದ ಹಳೆಯ ಯಂತ್ರಾಂಶವನ್ನೇ ಅನುಕರಿಸಿದರು. ಎಎಂಡಿಯ ಪಿಸಿನೆಟ್ ಈಥರ್‌ನೆಟ್ ಕಾರ್ಡು, ಬಸ್‌ಲಾಜಿಕ್ ಡಿಸ್ಕ್ ನಿಯಂತ್ರಕ ಇವು ಅಂಗಡಿಯಲ್ಲಿ ಸಿಗದೆ ಹೋಗಿ ದಶಕಗಳೇ ಆದರೂ ವರ್ಚುವಲ್‌ಬಾಕ್ಸ್, ವಿಎಂವೇರ್‌ಗಳ ಒಳಗೆ ಅವುಗಳ ನೆರಳು ಉಳಿದುಕೊಂಡಿತು. ಫ್ಲಾಪಿ ಡಿಸ್ಕ್‌ನ ಡ್ರೈವರ್ ಇದರ ಅತ್ಯುತ್ತಮ ಉದಾಹರಣೆ. 2019ರಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದ ಯಿರಿ ಕೊಸಿನಾ ಅವರು ಕೆಲಸ ಮಾಡುವ ಫ್ಲಾಪಿ ಯಂತ್ರಾಂಶ ತಮ್ಮ ಬಳಿ ಉಳಿದಿಲ್ಲವೆಂದು ಅದನ್ನು ಅನಾಥವೆಂದು ಗುರುತಿಸಿದರು. ಆಗ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಬರೆದ ಟಿಪ್ಪಣಿಯ ಸಾರಾಂಶ ಹೀಗಿತ್ತು: ನಿಜವಾದ ಯಂತ್ರಾಂಶದ ಮಟ್ಟಿಗೆ ಈ ಡ್ರೈವರ್ ಸತ್ತಂತೆಯೇ, ಈಗ ಮಾರಾಟವಾಗುವ ಯುಎಸ್‌ಬಿ ಫ್ಲಾಪಿಗಳಿಗೆ ಇದು ಬೇಕಾಗುವುದೂ ಇಲ್ಲ, ಆದರೆ ವರ್ಚುವಲ್ ಮಶೀನ್‌ಗಳು ಹಳೆಯ ಫ್ಲಾಪಿ ನಿಯಂತ್ರಕವನ್ನು ಇನ್ನೂ ಅನುಕರಿಸುವುದರಿಂದ ಇದು ಹೋಗುವಂತಿಲ್ಲ. ಅದೇ ವರ್ಷ ಯಾದೃಚ್ಛಿಕ ಒಳಹರಿವುಗಳಿಂದ ಕರ್ನಲ್ ಅನ್ನು ಪರೀಕ್ಷಿಸುವ ಸಿಜ್‌ಕಾಲರ್ ಎಂಬ ಉಪಕರಣವು ಆ ಡ್ರೈವರ್‌ನಲ್ಲಿ ಭದ್ರತಾ ದೋಷಗಳನ್ನು ಹೊರಗೆಡವಿತು. ಅವುಗಳನ್ನು ಸರಿಪಡಿಸಿದ ಅಭಿವೃದ್ಧಿಕಾರರೇ ಮುಂದೆ ಡ್ರೈವರ್‌ನ ಹೊಣೆಯನ್ನೂ ಹೊತ್ತುಕೊಂಡರು. ಅನಾಥವೆಂದು ಸಾರಿದ್ದರಿಂದ ಡ್ರೈವರ್ ಸಾಯಲಿಲ್ಲ, ಅದಕ್ಕೊಬ್ಬ ದಿಕ್ಕು ಸಿಕ್ಕಂತಾಯಿತು.

ಭದ್ರತೆಯ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಸಾಧನ ಇಲ್ಲದಿದ್ದರೆ ಮಾಡ್ಯೂಲ್ ಲೋಡ್ ಆಗುವುದಿಲ್ಲ, ಆದ್ದರಿಂದ ಅದರ ದೋಷ ನಮ್ಮನ್ನು ಮುಟ್ಟುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಬಹುತೇಕ ಸಂದರ್ಭಗಳಲ್ಲಿ ಅದು ನಿಜವೂ ಹೌದು. ಆದರೆ ಕೆಲವು ಮಾಡ್ಯೂಲ್‌ಗಳು ಸಾಧನಕ್ಕಾಗಿ ಕಾಯುವುದಿಲ್ಲ, ಯಾವುದೋ ಪ್ರೋಗ್ರಾಂ ಆ ಸೇವೆಯನ್ನು ಕೇಳಿದರೆ ಸಾಕು, ತಾವಾಗಿಯೇ ಲೋಡ್ ಆಗುತ್ತವೆ. ಸೀರಿಯಲ್ ಸಂಪರ್ಕದ ಎಚ್‌ಡಿಎಲ್‌ಸಿ ಎಂಬ ವಿಧಾನವನ್ನು ನಿಭಾಯಿಸುವ ಎನ್-ಎಚ್‌ಡಿಎಲ್‌ಸಿ ಮಾಡ್ಯೂಲ್ ಅಂಥದ್ದು. 2009ರಲ್ಲಿ ಅದರೊಳಗೆ ಸೇರಿಕೊಂಡ ದೋಷವೊಂದು 2017ರವರೆಗೆ ಯಾರಿಗೂ ಕಾಣಿಸಲಿಲ್ಲ; ಕಂಡಾಗ ತಿಳಿದದ್ದು, ಯಾವ ವಿಶೇಷ ಅಧಿಕಾರವೂ ಇಲ್ಲದ ಬಳಕೆದಾರ ಒಂದು ಟರ್ಮಿನಲ್ ತೆರೆದು ಆ ವಿಧಾನವನ್ನು ಕೇಳಿದರೆ ಮಾಡ್ಯೂಲ್ ಬಂದು ಕೂರುತ್ತದೆ, ಆಮೇಲೆ ಆ ದೋಷದ ಮೂಲಕ ಯಂತ್ರವನ್ನೇ ವಶಪಡಿಸಿಕೊಳ್ಳಬಹುದು ಎಂಬುದು. ಅಂಥ ಸೀರಿಯಲ್ ಕಾರ್ಡನ್ನು ಎಂದೂ ಕಾಣದ ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ಮಾಡ್ಯೂಲ್ ಮಾತ್ರ ಸಿದ್ಧವಾಗಿತ್ತು. ಆಗ ಅದನ್ನು ತೆಗೆದುಹಾಕಲಿಲ್ಲ, ದೋಷವನ್ನು ಸರಿಪಡಿಸಿದರು. 2019ರಲ್ಲಿ ಇಂಥ ಮಾಡ್ಯೂಲ್‌ಗಳು ಸಾಮಾನ್ಯ ಬಳಕೆದಾರನ ಕೋರಿಕೆಗೆ ತಾವಾಗಿ ಲೋಡ್ ಆಗದಂತೆ ತಡೆಯುವ ಆಯ್ಕೆಯನ್ನೂ ಕರ್ನಲ್‌ಗೆ ಸೇರಿಸಿದರು. ತೆಗೆಯುವುದಕ್ಕೂ ಹಾಗೆಯೇ ಬಿಡುವುದಕ್ಕೂ ನಡುವೆ ಇಂಥ ದಾರಿಗಳಿವೆ ಎಂಬುದನ್ನು ಈ ಚರ್ಚೆಗಳಲ್ಲಿ ಹಲವರು ಮರೆಯುತ್ತಾರೆ.

ತೀರ್ಮಾನ ನಿಜಕ್ಕೂ ಕಠಿಣವಾಗುವುದು ಅಪಾಯವೂ ಇದ್ದು ಬಳಕೆದಾರರೂ ಇರುವಾಗ. ಮೈಕ್ರೋಸಾಫ್ಟ್ ರೂಪಿಸಿದ ಆರ್‌ಎನ್‌ಡಿಐಎಸ್ ಎಂಬುದು ಯುಎಸ್‌ಬಿ ಕೇಬಲ್ ಮೂಲಕ ನೆಟ್‌ವರ್ಕ್ ಒದಗಿಸುವ ವಿಧಾನ. ಕೇಬಲ್‌ನ ಆಚೆ ತುದಿಯಲ್ಲಿರುವ ಸಾಧನವನ್ನು ಅದು ಅತಿಯಾಗಿ ನಂಬುತ್ತದೆ, ಅದನ್ನು ಸುರಕ್ಷಿತಗೊಳಿಸುವುದು ಸಾಧ್ಯವೇ ಇಲ್ಲ ಎಂಬ ಕಾರಣ ಕೊಟ್ಟು ಕರ್ನಲ್‌ನ ಹಿರಿಯ ಹೊಣೆಗಾರರಲ್ಲೊಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರು 2022ರಲ್ಲಿ ಅದರ ಡ್ರೈವರ್‌ಗಳನ್ನು ನಿಷ್ಕ್ರಿಯಗೊಳಿಸುವ ಪ್ರಸ್ತಾಪವನ್ನು ಮುಂದಿಟ್ಟರು. ಆದರೆ ಫೋನಿನ ಇಂಟರ್‌ನೆಟ್ಟನ್ನು ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಹಂಚಿಕೊಳ್ಳಲು ಅನೇಕ ಆಂಡ್ರಾಯ್ಡ್ ಫೋನ್‌ಗಳು ಬಳಸುವುದು ಇದನ್ನೇ. ಇಲ್ಲಿ ಹಳತಾದದ್ದು ವಿಧಾನವೇ ಹೊರತು ಸಾಧನವಲ್ಲ, ಸಾಧನ ಕೋಟ್ಯಂತರ ಜನರ ಜೇಬಿನಲ್ಲಿದೆ. ಇಂಥ ಕಡೆ ಮೊದಲು ಬದಲಾಗಬೇಕಾದದ್ದು ಫೋನ್ ತಯಾರಕರು, ಕರ್ನಲ್ ಆಮೇಲೆ.

ತೀರ್ಮಾನ ಆದ ಮೇಲೂ ಅದನ್ನು ಜಾರಿಗೊಳಿಸುವ ಕ್ರಮ ಮುಖ್ಯ, ಏಕೆಂದರೆ ತೀರ್ಮಾನ ತಪ್ಪಾಗಿದ್ದರೆ ಅದು ಗೊತ್ತಾಗುವುದು ಆ ಹಂತದಲ್ಲೇ. ಕರ್ನಲ್‌ನ ಪ್ರತಿ ಭಾಗಕ್ಕೂ ಯಾರು ಹೊಣೆ, ಅವರು ಎಷ್ಟು ಸಕ್ರಿಯರು ಎಂಬುದನ್ನು ಒಂದು ಕಡತದಲ್ಲಿ ದಾಖಲಿಸಿರುತ್ತಾರೆ. ಅಲ್ಲಿ ಒಂದು ಡ್ರೈವರ್‌ನ ಸ್ಥಿತಿ ಅನಾಥ ಅಥವಾ ಬಳಕೆತಪ್ಪಿದ್ದು ಎಂದು ಬದಲಾಗುವುದು ಮೊದಲ ಸೂಚನೆ. ನಂತರ ಅದನ್ನು ಸ್ಟೇಜಿಂಗ್ ಎಂಬ ಪ್ರತ್ಯೇಕ ವಿಭಾಗಕ್ಕೆ ಸಾಗಿಸಬಹುದು. ಗುಣಮಟ್ಟ ಇನ್ನೂ ಸಾಲದ ಹೊಸ ಡ್ರೈವರ್‌ಗಳಿಗಾಗಿ 2008ರಲ್ಲಿ ಆರಂಭವಾದ ಆ ವಿಭಾಗವನ್ನು ಹೊರಹೋಗುವವರ ದಾರಿಯಾಗಿಯೂ ಬಳಸಿಕೊಂಡಿದ್ದಾರೆ. ಅತಿಗೆಂಪು ಕಿರಣದ ಮೂಲಕ ಸಂಪರ್ಕ ಕಲ್ಪಿಸುತ್ತಿದ್ದ ಇರ್‌ಡಿಎ ಹೀಗೆ ಸ್ಟೇಜಿಂಗ್‌ಗೆ ಹೋಗಿ, 2018ರಲ್ಲಿ ಹೊರಬಿದ್ದಿತು. ಡ್ರೈವರ್ ಬಳಸಿದಾಗ ಲಾಗ್‌ನಲ್ಲಿ ಎಚ್ಚರಿಕೆ ಮೂಡಿಸುವುದು, ಕರ್ನಲ್ ಕಂಪೈಲ್ ಮಾಡುವಾಗ ಅದನ್ನು ತಾನಾಗಿಯೇ ಆಯ್ಕೆಯಾಗದಂತೆ ಮಾಡುವುದು ಮುಂದಿನ ಮೆಟ್ಟಿಲುಗಳು. ಈ ಹಂತಗಳನ್ನು ಅನುಸರಿಸಿದ ಅತ್ಯಂತ ಸಾವಧಾನದ ಉದಾಹರಣೆ ಡ್ರೈವರ್‌ನದ್ದಲ್ಲ, ರೈಸರ್‌ಎಫ್ಎಸ್ ಎಂಬ ಕಡತ ವ್ಯವಸ್ಥೆಯದು. 2022ರಲ್ಲಿ ಅದನ್ನು ಬಳಕೆತಪ್ಪಿದ್ದೆಂದು ಘೋಷಿಸಿ, 2025ರಲ್ಲಿ ತೆಗೆಯುವುದಾಗಿ ಆಗಲೇ ತಿಳಿಸಿ, 2025ರ ಜನವರಿಯಲ್ಲಿ ಬಂದ 6.13ನೆಯ ಆವೃತ್ತಿಯಿಂದ ಕೈಬಿಟ್ಟರು. ಕಡತ ವ್ಯವಸ್ಥೆಯೆಂದರೆ ಜನರ ದತ್ತಾಂಶ ಇರುವ ಜಾಗ. ಅದನ್ನು ಬೇರೆಡೆಗೆ ಸಾಗಿಸಲು ಇಷ್ಟು ಕಾಲ ಕೊಟ್ಟದ್ದು ಸರಿಯೇ. ಒಂದು ವೈಫೈ ಕಾರ್ಡಿಗೆ ಅಷ್ಟು ಕಾಯಬೇಕಿಲ್ಲ.

ಫ್ರೀಬಿಎಸ್‌ಡಿ ಎಂಬ ಮತ್ತೊಂದು ಮುಕ್ತ ಆಪರೇಟಿಂಗ್ ಸಿಸ್ಟಂನ ಯೋಜನೆ 2018ರಲ್ಲಿ ಹಿಡಿದ ದಾರಿ ನನಗೆ ಇನ್ನೂ ಮೆಚ್ಚುಗೆಯಾಗುತ್ತದೆ. ಸೆಕೆಂಡಿಗೆ 10 ಮತ್ತು 100 ಮೆಗಾಬಿಟ್ ವೇಗದ ಈಥರ್‌ನೆಟ್ ಕಾರ್ಡುಗಳ ಡ್ರೈವರ್‌ಗಳನ್ನು ಒಂದೊಂದಾಗಿ ಚರ್ಚಿಸುವ ಬದಲು ಅವರು ಇಡೀ ಗುಂಪಿಗೆ ಅನ್ವಯಿಸುವ ಪ್ರಸ್ತಾಪವನ್ನು ಬರೆದು ಪ್ರಕಟಿಸಿದರು: ಪಟ್ಟಿಯಲ್ಲಿರುವವು 13ನೆಯ ಆವೃತ್ತಿಯಲ್ಲಿ ಹೋಗುತ್ತವೆ, ಬಳಕೆಯಲ್ಲಿವೆಯೆಂದು ಜನ ತೋರಿಸಿಕೊಟ್ಟವು ಉಳಿಯುತ್ತವೆ, ಯಾರಾದರೂ ಒಂದು ಡ್ರೈವರ್ ಅನ್ನು ಹೊಸ ಸಾಮಾನ್ಯ ಚೌಕಟ್ಟಿಗೆ ಒಗ್ಗಿಸಿ ಬರೆದುಕೊಟ್ಟರೆ ಅದೂ ಉಳಿಯುತ್ತದೆ. ಇಂಟೆಲ್‌ನ ಹಳೆಯ, ಆದರೆ ವ್ಯಾಪಕವಾಗಿ ಹರಡಿದ್ದ 100 ಮೆಗಾಬಿಟ್ ಕಾರ್ಡಿನ ಡ್ರೈವರ್ ಉಳಿಯಿತು. ಒಂದು ಕಾಲದಲ್ಲಿ ಎಲ್ಲೆಡೆ ಇದ್ದ ಎನ್‌ಇ2000 ಬಗೆಯ ಕಾರ್ಡುಗಳ ಡ್ರೈವರ್ ಹೋಯಿತು. 2021ರಲ್ಲಿ 13.0 ಬಿಡುಗಡೆಯಾಗುವ ಹೊತ್ತಿಗೆ ಎರಡು ವರ್ಷಕ್ಕೂ ಹೆಚ್ಚು ಸಮಯ ಸಿಕ್ಕಿತ್ತು. ಉಳಿಸಿಕೊಳ್ಳಲು ಏನು ಮಾಡಬೇಕೆಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಿದ್ದು ಇದರ ಹಿರಿಮೆ. ಗೋಗರೆಯುವುದಕ್ಕೂ ಜಗಳವಾಡುವುದಕ್ಕೂ ಬದಲು ಕೆಲಸ ಮಾಡಿ ತೋರಿಸುವ ಅವಕಾಶ ಅಲ್ಲಿತ್ತು.

ತೆಗೆದ ಡ್ರೈವರ್ ಕಣ್ಮರೆಯಾಗುವುದಿಲ್ಲ ಎಂಬುದೂ ತೀರ್ಮಾನವನ್ನು ಹಗುರಗೊಳಿಸುತ್ತದೆ. ಲಿನಕ್ಸ್‌ನಲ್ಲಿ ತೆಗೆದದ್ದನ್ನು ಗಿಟ್ ಇತಿಹಾಸದಿಂದ ಮರಳಿ ತರಬಹುದು, ನಿಜವಾದ ಬಳಕೆದಾರನೊಬ್ಬ ಮುಂದೆ ಬಂದು ಹೊಣೆ ಹೊತ್ತರೆ ತರುತ್ತಾರೆ ಕೂಡ. ಅದರ ಜೊತೆಗೆ ದೀರ್ಘಾವಧಿ ಬೆಂಬಲದ, ಅಂದರೆ ವರ್ಷಗಳ ಕಾಲ ದೋಷ ತಿದ್ದುಪಡಿಗಳನ್ನು ಪಡೆಯುವ, ಕರ್ನಲ್‌ಗಳಿವೆ. ಇಟೇನಿಯಂ ಹೋದದ್ದು 6.7ರಲ್ಲಿ, ಅದರ ಹಿಂದಿನ 6.6 ದೀರ್ಘಾವಧಿ ಬೆಂಬಲ ಪಡೆದ ಆವೃತ್ತಿ, ಹಾಗಾಗಿ ಆ ಯಂತ್ರ ಉಳಿಸಿಕೊಂಡವರಿಗೆ ನಿಲ್ಲಲು ಒಂದು ನೆಲೆ ಸಿಕ್ಕಿತು. ಈ ಹೊಂದಾಣಿಕೆಯನ್ನು ಎಲ್ಲ ಕಡೆಯೂ ಪಾಲಿಸಬೇಕೆಂದು ನನಗನಿಸುತ್ತದೆ: ತೆಗೆಯುವುದಿದ್ದರೆ ದೀರ್ಘಾವಧಿ ಆವೃತ್ತಿಯ ಮರುದಿನ ತೆಗೆಯಿರಿ, ಹಿಂದಿನ ದಿನವಲ್ಲ. ದೀರ್ಘಾವಧಿ ಬೆಂಬಲವನ್ನು ಆರು ವರ್ಷಗಳಿಂದ ಎರಡು ವರ್ಷಗಳಿಗೆ ಇಳಿಸುವ ನಿರ್ಧಾರ 2023ರಲ್ಲಿ ಪ್ರಕಟವಾದ ಮೇಲೆ ಈ ನೆಲೆ ಮೊದಲಿನಷ್ಟು ವಿಶಾಲವಾಗಿ ಉಳಿದಿಲ್ಲ ಎಂಬುದನ್ನೂ ಗಮನಿಸಬೇಕು.

ಕರ್ನಲ್ ಭಂಡಾರದಿಂದ ತೆಗೆಯುವುದಕ್ಕೂ ಒಂದು ವಿತರಣೆ (ಕರ್ನಲ್ ಮತ್ತು ಇತರ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಕೊಡುವ ಲಿನಕ್ಸ್ ಆವೃತ್ತಿ) ತನ್ನ ಗ್ರಾಹಕರಿಗೆ ಕೊಡದಿರುವುದಕ್ಕೂ ವ್ಯತ್ಯಾಸವಿದೆ. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8, ಹಳೆಯ ಹಲವು ಡಿಸ್ಕ್ ನಿಯಂತ್ರಕ ಕಾರ್ಡುಗಳ ಬೆಂಬಲವನ್ನು ಕೈಬಿಟ್ಟಿತು, ಆದರೆ ಮೂಲ ಕರ್ನಲ್‌ನಲ್ಲಿ ಆ ಬೆಂಬಲ ಹಾಗೆಯೇ ಇತ್ತು. ಹತ್ತು ವರ್ಷ ಹೊಣೆ ಹೊರುವುದಾಗಿ ಹಣ ಪಡೆದು ಮಾತು ಕೊಡುವ ಸಂಸ್ಥೆ ತಾನು ಪರೀಕ್ಷಿಸಲಾರದ್ದನ್ನು ಪಟ್ಟಿಯಿಂದ ಬಿಡುವುದು ಪ್ರಾಮಾಣಿಕತೆಯೇ. ಆ ಕಾರ್ಡುಗಳಿರುವ ಸರ್ವರ್‌ಗಳನ್ನು ಉಳಿಸಿಕೊಂಡವರಿಗಾಗಿ ಎಲ್‌ರೆಪೋ ಎಂಬ ಸಮುದಾಯದ ಯೋಜನೆ ಅವೇ ಡ್ರೈವರ್‌ಗಳನ್ನು ಪ್ರತ್ಯೇಕವಾಗಿ ಕಟ್ಟಿಕೊಡುತ್ತಿದೆ. ವಿಂಡೋಸ್‌ನಲ್ಲಿ ಇಂಥ ಎರಡನೆಯ ಬಾಗಿಲು ಇರುವುದು ಅಪರೂಪ, ಏಕೆಂದರೆ ಡ್ರೈವರ್‌ನ ಮೂಲ ಪಠ್ಯ ತಯಾರಕರ ಬಳಿ ಮಾತ್ರ ಇರುತ್ತದೆ. ತಯಾರಕರು ಮುಚ್ಚಿಹೋದರೆ ಅಥವಾ ಬೇರೆ ಕಂಪನಿಯಲ್ಲಿ ಸೇರಿಹೋದರೆ ಸರಿಪಡಿಸುವುದಕ್ಕೂ ಯಾರೂ ಇರುವುದಿಲ್ಲ. ಅಗೇರ್ ಮೋಡೆಮ್‌ನ ವಿಷಯದಲ್ಲಿ ದುರಸ್ತಿಗಿಂತ ತೆಗೆಯುವುದೇ ಮೇಲೆಂದು ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಪ್ರಿಂಟರ್‌ಗಳ ಮಟ್ಟಿಗೆ ಮೈಕ್ರೋಸಾಫ್ಟ್ ಈಗ ಬೇರೆ ದಾರಿ ಹಿಡಿದಿದೆ: ಪ್ರತಿ ತಯಾರಕರ ಪ್ರತ್ಯೇಕ ಡ್ರೈವರ್‌ಗಳನ್ನು ಹಂತಹಂತವಾಗಿ ನಿಲ್ಲಿಸಿ, ಐಪಿಪಿ ಎಂಬ ಸಾಮಾನ್ಯ ಮಾನದಂಡವನ್ನು ಪಾಲಿಸುವ ಎಲ್ಲ ಪ್ರಿಂಟರ್‌ಗಳಿಗೂ ಒಂದೇ ಡ್ರೈವರ್ ಸಾಕೆಂಬ ನೀತಿಯನ್ನು 2023ರಲ್ಲಿ ಪ್ರಕಟಿಸಿತು.

ಹಳೆಯ ಸಾಧನವೊಂದನ್ನು ಇಂದಿಗೂ ನಂಬಿಕೊಂಡಿರುವವರು ಇದರಿಂದ ತಿಳಿಯಬೇಕಾದ ಪ್ರಾಯೋಗಿಕ ಸಂಗತಿ ಒಂದಿದೆ. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಆದೇಶವನ್ನು ಕೆ ಆಯ್ಕೆಯೊಂದಿಗೆ (lspci -k) ಓಡಿಸಿದರೆ ನಿಮ್ಮ ಪ್ರತಿ ಕಾರ್ಡನ್ನು ಯಾವ ಡ್ರೈವರ್ ನಡೆಸುತ್ತಿದೆಯೆಂದು ಕಾಣುತ್ತದೆ. ಆ ಹೆಸರನ್ನು ಕರ್ನಲ್‌ನ ಹೊಣೆಗಾರರ ಕಡತದಲ್ಲಿ ಹುಡುಕಿದರೆ ಅದರ ಸ್ಥಿತಿ ತಿಳಿಯುತ್ತದೆ. ಒಂಬತ್ತು ಹತ್ತು ವಾರಗಳಿಗೊಮ್ಮೆ ಬರುವ ಹೊಸ ಕರ್ನಲ್‌ನ ಪರೀಕ್ಷಾ ಆವೃತ್ತಿಯನ್ನು ಆ ಯಂತ್ರದ ಮೇಲೆ ಓಡಿಸಿ, ಕೆಲಸ ಮಾಡಿತೆಂದೋ ಇಲ್ಲವೆಂದೋ ನಿಮ್ಮ ಹೆಸರಿನಲ್ಲಿ ಒಂದು ಸಾಲು ಬರೆದು ತಿಳಿಸಿದರೆ, ಆ ಸಾಲು ಸಂಬಂಧಿಸಿದ ಪ್ಯಾಚ್‌ನ (ತಿದ್ದುಪಡಿಯ) ಜೊತೆಯಲ್ಲೇ ಗಿಟ್ ದಾಖಲೆಯಲ್ಲಿ ಸೇರಬಹುದು. ನಾಳೆ ಯಾರಾದರೂ ಆ ಡ್ರೈವರ್ ಅನ್ನು ತೆಗೆಯಬಹುದೇ ಎಂದು ಇತಿಹಾಸ ತೆರೆದಾಗ ಅವರು ಹುಡುಕುವುದು ಅಂಥ ಸಾಲುಗಳನ್ನೇ. ಪ್ರಸ್ತಾಪ ಬಂದ ಮೇಲೆ ತೆಗೆಯಬೇಡಿ ಎಂದು ಬರೆಯುವವರಿಗೂ ಉತ್ತರ ಸಿಗುತ್ತದೆ, ಆದರೆ ಮುಂದಿನ ಸಲ ಪರೀಕ್ಷಿಸಿ ಕೊಡುವಿರಾ ಎಂಬ ಪ್ರಶ್ನೆಯೂ ಅದರ ಬೆನ್ನಲ್ಲೇ ಬರುತ್ತದೆ.